ಹೆನ್ನಿಂಗ್ ತೂರೆಸನ್‌ನ ಎಡಗೈ

ಸೋಮವಾರ ಬೆಳಿಗ್ಗೆ ಶಾಲೆಯ ಮಕ್ಕಳು ಬರುವ ಮುಂಚೆ ಸೊಲ್ವೆಯ್ ಬೂಟು ಕಳಚಿಟ್ಟು, ದಪ್ಪ ಉಣ್ಣೆಯ ಕಾಲುಚೀಲದಲ್ಲೇ ಆಸ್ಕೆರೆಡ್ ಆಟದ ಹಾಲ್‌ನೊಳಗೆ ಹೋಗುತ್ತಾಳೆ. ಒಂದು ಗೋಲಿನಿಂದ ಇನ್ನೊಂದಕ್ಕೆ, ಮತ್ತೆ ಅಲ್ಲಿಂದ ಇಲ್ಲಿಗೆ, ಹೊಲ ಉಳುವವರ ಹಾಗೆ ಸಾಲು ಹಿಡಿದು ನಡೆಯುತ್ತಾಳೆ. ಕಾಲುಚೀಲವನ್ನು ನೆಲ ಎಲ್ಲಾದರೂ ಚೂರು ಹಿಡಿದುಕೊಂಡರೆ ನಿಲ್ಲುತ್ತಾಳೆ. ಅಲ್ಲಿ ಅಂಟು ಇದೆ ಎಂದು ಅರ್ಥ.

ಹ್ಯಾಂಡ್‌ಬಾಲ್ ಆಡುವವರು ಬೆರಳಿಗೆ ಹಚ್ಚಿಕೊಳ್ಳುವ ಅಂಟು ಪೈನ್ ಮರದ ರಾಳದಿಂದ ಮಾಡಿದ್ದು. ಬೂಟಿನ ಹಿಮ್ಮಡಿಯ ಮೇಲೆ ಒಂದು ಮುದ್ದೆ ಇಟ್ಟುಕೊಂಡು ಆಟದ ನಡುವೆ ಬೆರಳಿನಿಂದ ತೆಗೆದುಕೊಳ್ಳುತ್ತಾರೆ. ಅದಿದ್ದರೆ ಚೆಂಡನ್ನು ಒಂದೇ ಕೈಯಲ್ಲಿ ತಲೆಕೆಳಗಾಗಿ ಹಿಡಿಯಬಹುದು, ಗಾಳಿಯಲ್ಲಿ ಹಾರಿ ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ತಿರುಗಿಸಬಹುದು. ಆದರೆ ಅದು ನೆಲಕ್ಕೆ, ಬಾಗಿಲ ಹಿಡಿಗೆ, ನಲ್ಲಿಗೆ, ಕೊನೆಗೆ ಶಾಲೆಯ ಮಕ್ಕಳ ಕೂದಲಿಗೂ ಅಂಟುತ್ತದೆ. ದೊಡ್ಡ ಊರುಗಳ ಹಾಲ್‌ಗಳಲ್ಲಿ ಅದನ್ನು ತೊಳೆಯಲು ಯಂತ್ರಗಳಿವೆ, ಆಳುಗಳಿದ್ದಾರೆ. ಆಸ್ಕೆರೆಡ್‌ನಲ್ಲಿ ಹಾಲ್ ನೋಡಿಕೊಳ್ಳುವ ಸೊಲ್ವೆಯ್ ಒಬ್ಬಳೇ. ಹೊಸ ಹಾಲ್ ಕಟ್ಟಿದ ದಿನವೇ ಪುರಸಭೆ ಬಾಗಿಲ ಮೇಲೆ ಹಲಗೆ ತೂಗುಹಾಕಿತು: ಇಲ್ಲಿ ಅಂಟು ಹಚ್ಚುವಂತಿಲ್ಲ.

ಆ ಹಲಗೆಯ ಪಕ್ಕದಲ್ಲೇ ಗಾಜಿನ ಪೆಟ್ಟಿಗೆಯೊಂದಿದೆ. ಅದರೊಳಗೆ ಹೆನ್ನಿಂಗ್ ತೂರೆಸನ್ ರಾಷ್ಟ್ರೀಯ ತಂಡಕ್ಕೆ ಆಡಿದಾಗ ತೊಟ್ಟಿದ್ದ ಹಳದಿ ಅಂಗಿ ಇದೆ. ಅಂಗಿಯ ಎಡ ತೋಳಿನ ಅಂಚಿನಲ್ಲಿ ಕಂದು ಬಣ್ಣದ ಕಲೆ. ಎಷ್ಟು ಒಗೆದರೂ ಹೋಗದ ಅಂಟು ಅದು.

ಹೆನ್ನಿಂಗ್ ಆ ಹಾಲ್‌ನಲ್ಲಿ ಆಡಿರಲೇ ಇಲ್ಲ. ಅವನು ಊರು ಬಿಟ್ಟಾಗ ಅಲ್ಲಿ ಬರ್ಚ್ ಮರಗಳಿದ್ದವು. ಹದಿನೆಂಟಕ್ಕೆ ಗೋಥೆನ್‌ಬರ್ಗ್ ಕಡೆಯ ದೊಡ್ಡ ಕ್ಲಬ್ಬೊಂದಕ್ಕೆ ಹೋದ; ಇಪ್ಪತ್ಮೂರಕ್ಕೆ ಜರ್ಮನಿಗೆ. ಎಡಚ, ಎತ್ತರದ ಆಳು, ಅಂಕಣದ ಬಲಭಾಗದಿಂದ ಒಳಕ್ಕೆ ಕತ್ತರಿಸಿಕೊಂಡು ಬಂದು ಎಸೆಯುವವನು. ಅಂಥವರು ಎಲ್ಲ ಕಾಲದಲ್ಲೂ ಕಡಿಮೆ, ಅವರಿಗೆ ಎಲ್ಲ ಕಾಲದಲ್ಲೂ ಕೆಲಸ ಸಿಗುತ್ತದೆ. ಮೂರು ಕ್ಲಬ್ಬು ಬದಲಾಯಿಸಿದ. ಜರ್ಮನಿಯಲ್ಲಿ ಆಟಗಾರನ ವಾರ ಹೀಗಿರುತ್ತದೆ: ಬಸ್ಸು, ಹೋಟೆಲ್, ಪಾಸ್ತಾ, ಆಟ, ಬಸ್ಸು, ಬಳಿಕ ಐಸಿನ ತೊಟ್ಟಿ. ರಾಷ್ಟ್ರೀಯ ತಂಡಕ್ಕೆ ಕೆಲವು ಸಲ ಕರೆ ಬಂತು. ಒಂದು ಚಾಂಪಿಯನ್‌ಶಿಪ್ಪಿಗೂ ಹೋದ. ಹೆಚ್ಚಿನಂಶ ಬೆಂಚಿನ ಮೇಲೆ ಕೂತು ಬಂದ. ಕಾಟ್ರಿನ್ ಎಂಬಾಕೆಯನ್ನು ಮದುವೆಯಾದ, ಮಗಳು ಹುಟ್ಟಿದಳು, ಬೇರೆಯಾದರು. ಮಗಳು ಕೊಳಲು ನುಡಿಸುತ್ತಾಳೆ. ಭಾನುವಾರ ಫೋನಿನಲ್ಲಿ ಅಪ್ಪನಿಗೆ ಒಂದು ಹಾಡು ಕೇಳಿಸಿ ಇಡುತ್ತಾಳೆ.

ಮೂವತ್ತಾರು ತುಂಬಿದಾಗ ಮೂರನೆಯ ಕ್ಲಬ್ಬು ಕರಾರು ಮುಂದುವರಿಸಲಿಲ್ಲ. ಹೂಗುಚ್ಛ ಕೊಟ್ಟರು, ಹಾಲ್‌ನ ದೀಪಗಳನ್ನೆಲ್ಲ ಆರಿಸಿ ಅವನ ಮೇಲೆ ಒಂದೇ ಬೆಳಕು ಬಿಟ್ಟರು. ಆಗ ಏನನ್ನಿಸಿತು ಎಂದು ಊರಿನ ಪತ್ರಿಕೆ ಫೋನಿನಲ್ಲಿ ಕೇಳಿದ್ದಕ್ಕೆ ಅವನು, "ಬೆಳಕು ಜೋರಾಗಿತ್ತು," ಎಂದ.

ಅಪ್ಪ ಅಮ್ಮ ತೀರಿಕೊಂಡು ಬಹಳ ಕಾಲವಾಗಿತ್ತು. ಆದರೂ ಊರಿಗೆ ಬಂದ. ಬಾಲ್ಯದ ಗೆಳೆಯ ಸ್ಟಾಫನ್ ಹಗಲು ಹೊತ್ತು ಎಲೆಕ್ಟ್ರಿಷಿಯನ್, ಸಂಜೆ ಆಸ್ಕೆರೆಡ್ ಗಂಡಸರ ತಂಡದ ತರಬೇತುದಾರ. ಅವನ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಹೆನ್ನಿಂಗ್ ಹೇಳಿದ್ದು ಇಷ್ಟೇ: "ಒಂದು ವರ್ಷ ಇಲ್ಲಿ ಆಡ್ತೀನಿ. ನಮ್ಮ ಹಾಲ್‌ನಲ್ಲಿ. ಆಮೇಲೆ ಸಾಕು."

"ಸಂಬಳ ಕೊಡಕ್ಕಾಗಲ್ಲ ಕಣೋ," ಎಂದ ಸ್ಟಾಫನ್. "ಆಟದ ದಿನ ಸಾಸೇಜು, ಆಲೂ ಪಲ್ಯ ಫ್ರೀ."

"ಸಾಸಿವೆ?"

"ಅದು ನೀನೇ ತಂದ್ಕೋ."

ಇದೆಲ್ಲ ಊರಿಗೆ ಗೊತ್ತಿದ್ದ ಸಂಗತಿ. ಗೊತ್ತಿಲ್ಲದ್ದು ಅವನ ಎಡಗೈಯ ವಿಷಯ.

ಮೂರನೆಯ ಕ್ಲಬ್ಬಿನಲ್ಲಿದ್ದಾಗ ಕಿರುಬೆರಳಿನಿಂದ ಅದು ಶುರುವಾಯಿತು. ಮೊದಲು ಚಳಿಯಲ್ಲಿ ನಿಂತ ಹಾಗೆ ಜುಮ್ಮೆಂದಿತು, ಆಮೇಲೆ ಏನೂ ಅನ್ನಿಸಲಿಲ್ಲ. ಉಂಗುರ ಬೆರಳು ಅದರ ಹಿಂದೆ ಹೋಯಿತು, ಕೊನೆಗೆ ಅಂಗೈಯ ಹೊರ ಅಂಚು. ಬೇರೆ ಊರಿನ ವೈದ್ಯನೊಬ್ಬನಿಗೆ ಗುಟ್ಟಾಗಿ ತೋರಿಸಿದ. ಮೊಣಕೈಯ ಹಿಂದೆ ಹಾದುಹೋಗುವ ನರ ವರ್ಷಗಟ್ಟಲೆ ಎಸೆದೆಸೆದು ಸವೆದಿದೆ, ಇನ್ನು ಕೊಯ್ದರೂ ಸ್ಪರ್ಶ ಮರಳಿ ಬರುವುದು ಅನುಮಾನ ಎಂದು ವೈದ್ಯ ಹೇಳಿದ. ಹೆನ್ನಿಂಗ್ ಕ್ಲಬ್ಬಿಗೆ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಅಂಟು ಚೆಂಡನ್ನು ಹಿಡಿದುಕೊಂಡಿತ್ತು. ಕೈಗೆ ಚೆಂಡು ಗೊತ್ತಾಗದಿದ್ದರೂ ಚೆಂಡು ಕೈ ಬಿಡುತ್ತಿರಲಿಲ್ಲ. ಎಸೆದ ಮೇಲೆ ಅದು ಹೋದದ್ದು ಕಣ್ಣಿಗೆ ಕಾಣುತ್ತಿತ್ತು. ಅಷ್ಟು ಸಾಕಾಗಿತ್ತು, ಮೂರು ವರ್ಷ ಹಾಗೇ ಆಡಿದ, ಯಾರಿಗೂ ತಿಳಿಯಲಿಲ್ಲ.

ಅಂಟು ಹಚ್ಚಬಾರದ ಹಾಲ್‌ನಲ್ಲಿ ಆಡಲು ಒಪ್ಪಿದಾಗ ಅವನು ಇದನ್ನು ಯೋಚಿಸಿರಲಿಲ್ಲವೇ ಎಂದು ಆಮೇಲೆ ಬಹಳ ಮಂದಿ ಕೇಳಿದರು. ಯೋಚಿಸಿದ್ದ. ಹುಡುಗನಾಗಿದ್ದಾಗ ಅಂಟಿಲ್ಲದೆ ಆಡಿದ್ದ, ಮತ್ತೆ ಆಡಬಹುದು ಅಂದುಕೊಂಡಿದ್ದ. ಹುಡುಗನಾಗಿದ್ದಾಗ ಅವನಿಗೆ ಐದು ಬೆರಳುಗಳೂ ಇದ್ದವು.

ಆಗಸ್ಟಿನ ಮೊದಲ ಅಭ್ಯಾಸದಲ್ಲೇ ಅದು ಕಂಡಿತು. ಸ್ಟಾಫನ್ ಕೊಟ್ಟ ಚೆಂಡನ್ನು ಹಿಡಿದ, ಮೂರು ಹೆಜ್ಜೆ ಹಾಕಿದ, ಹಾರಿದ, ಕೈ ಬೀಸಿದ. ಚೆಂಡು ಅವನ ಹಿಂದೆ ನೆಲದ ಮೇಲೆ ಪುಟಿಯುತ್ತಿತ್ತು.

ಉಲ್ರಿಕ್ ಎಂಬವನು ತಂಡದ ದಪ್ಪ ಆಳು, ಬಡಗಿ, ಎದುರಾಳಿಗಳ ನಡುವೆ ಗೂಟದಂತೆ ನಿಲ್ಲುವುದು ಅವನ ಕೆಲಸ. "ಏನ್ ಜರ್ಮನ್," ಎಂದ ಅವನು, "ಅಲ್ಲಿ ಚೆಂಡು ಹೊತ್ಕೊಂಡು ಬರಕ್ಕೂ ಆಳು ಇಟ್ಟಿದ್ರಾ?"

"ಇಬ್ರಿದ್ರು," ಎಂದ ಹೆನ್ನಿಂಗ್.

"ಇಲ್ಲಿ ನಾನೊಬ್ನೇ. ಅದೂ ಬೆನ್ನುನೋವು."

ಎಲ್ಲರೂ ನಕ್ಕರು. ಹೆನ್ನಿಂಗ್ ಚೆಂಡು ತಂದು ಮತ್ತೆ ಎಸೆದ. ಅದು ಗೋಲಿನ ಮೇಲಿನ ಗಡಿಯಾರಕ್ಕೆ ಬಡಿಯಿತು. ಆ ದಿನದಿಂದ ಊರಿನಲ್ಲಿ ಅವನಿಗೆ "ಜರ್ಮನ್" ಎಂಬ ಹೆಸರೇ ನಿಂತಿತು.

ಮುಂದಿನ ವಾರ ಅವನು ಎಡಗೈಯ ಬೆರಳುಗಳಿಗೆ ಬಿಳಿ ಪಟ್ಟಿ ಸುತ್ತಿಕೊಂಡು ಬಂದ. ಹಳೆಯ ಉಳುಕು ಎಂದ. ಪಟ್ಟಿಯ ಮಡಿಕೆಯೊಳಗೆ ಅಂಟನ್ನು ತೆಳ್ಳಗೆ ಸವರಿದ್ದ. ಬೆರಳು ಮಡಿಸಿದಾಗ ಮಾತ್ರ ಅದು ಹೊರಗೆ ಬರುತ್ತಿತ್ತು. ಚೆಂಡು ಕೈಯಲ್ಲಿ ನಿಂತಿತು. ಸ್ಟಾಫನ್ ಒಂದು ಸಲ ಚೆಂಡನ್ನು ಕೈಗೆ ತೆಗೆದುಕೊಂಡು, ಹೆಬ್ಬೆರಳಿನಿಂದ ಒತ್ತಿ ನೋಡಿ, ವಾಪಸು ಎಸೆದ. ಹಿಂದಿನ ವರ್ಷ ತಂಡ ಅಂಕಪಟ್ಟಿಯ ತಳದಲ್ಲಿ ಒದ್ದಾಡಿತ್ತು. ಈ ಸಲ ಅಕ್ಟೋಬರ್ ಮುಗಿಯುವ ಹೊತ್ತಿಗೆ ಮೂರನೆಯ ಸ್ಥಾನದಲ್ಲಿತ್ತು. ಬೆಂಚುಗಳು ತುಂಬಿದವು. ಕ್ಯಾಂಟೀನಿನಲ್ಲಿ ದಾಲ್ಚಿನ್ನಿ ಬನ್ನು ಅರ್ಧ ಆಟಕ್ಕೇ ಖಾಲಿಯಾಗುತ್ತಿತ್ತು. ಹೆನ್ನಿಂಗ್ ಗೋಲು ಹೊಡೆದಾಗ ಜನ ಎದ್ದು ನಿಲ್ಲುತ್ತಿದ್ದರು. ಅವನು ತಿರುಗಿ ತನ್ನ ಜಾಗಕ್ಕೆ ಓಡುತ್ತಿದ್ದ, ಮರೆತ ಬೀಗ ಹಾಕಿ ಬರಲು ಹೋಗುವವನಂತೆ.

ಆಟ ಮುಗಿದ ಮೇಲೆ ಅವನೊಬ್ಬನೇ ಉಳಿಯುತ್ತಿದ್ದ. ಮೈ ಸಡಿಲಿಸಿಕೊಳ್ಳುತ್ತಾನೆ ಎಂದು ಉಳಿದವರು ತಿಳಿದಿದ್ದರು. ಅವನು ಅಡುಗೆ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಹಿಡಿದು, ಮಂಡಿಯೂರಿ, ಅಂಕಣದ ಬಲಭಾಗದಲ್ಲಿ ತಾನು ನಿಂತ ಜಾಗಗಳನ್ನೆಲ್ಲ ಒರೆಸುತ್ತಿದ್ದ. ಬಲಗೈಯಿಂದ. ಎಡಗೈಗೆ ಅಂಟು ಯಾವುದು, ನೆಲ ಯಾವುದು ತಿಳಿಯುತ್ತಿರಲಿಲ್ಲ.

ಸಿಕ್ಕಿಬಿದ್ದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಹಿಂದಿನ ವಸಂತದಲ್ಲಿ ಪುರಸಭೆ ಕ್ಲಬ್ಬಿಗೆ ಒಂದು ಎಚ್ಚರಿಕೆ ಕೊಟ್ಟಿತ್ತು. ಇನ್ನೊಮ್ಮೆ ಅಂಟು ಕಂಡರೆ, ಯಾರ ತಂಡದ್ದು ಎಂದು ಗೊತ್ತಾಗುತ್ತದೋ ಆ ತಂಡ ಹಾಲ್‌ನಿಂದ ಹೊರಗೆ. ಚಳಿಗಾಲದಲ್ಲಿ ಇಡೀ ಆಸ್ಕೆರೆಡ್ ಒಂದು ಸೂರಿನಡಿ ಸೇರುವ ಜಾಗ ಅದೊಂದೇ. ಅದನ್ನು ಕಳೆದುಕೊಂಡ ತಂಡ ಊರಿನ ತಂಡವಾಗಿ ಉಳಿಯುವುದಿಲ್ಲ.

ನವೆಂಬರಿನಲ್ಲಿ, ಸತ್ತವರ ಸಮಾಧಿಗೆ ಮೇಣದ ಬತ್ತಿ ಹಚ್ಚುವ ವಾರಾಂತ್ಯ, ಸೊಲ್ವೆಯ್ ರಜೆ ಹಾಕಿ ತಂಗಿಯ ಮನೆಗೆ ಹೋದಳು. ಬದಲಿಗೆ ಬಂದವನು ಭಾನುವಾರದ ಆಟ ಮುಗಿಯುತ್ತಲೇ ಎಲ್ಲರನ್ನೂ ಹೊರಗೆ ಕಳಿಸಿ ಬೀಗ ಹಾಕಿದ. ಹೆನ್ನಿಂಗ್‌ನ ಎಣ್ಣೆ ಬಟ್ಟೆ ಚೀಲದಲ್ಲೇ ಉಳಿಯಿತು. ಸೋಮವಾರ ಬದಲಿಯವನು ನೆಲ ಗುಡಿಸಿದನೇ ಹೊರತು ಬೂಟು ಕಳಚಲಿಲ್ಲ. ಮಂಗಳವಾರ ಸಂಜೆ ಹದಿನೈದರೊಳಗಿನ ಹುಡುಗಿಯರ ತಂಡ ಅಭ್ಯಾಸ ಮಾಡಿತು. ಬುಧವಾರ ಬೆಳಿಗ್ಗೆ ಸೊಲ್ವೆಯ್ ಬಂದು ಕಾಲುಚೀಲದಲ್ಲಿ ನಡೆದಳು.

ಅಂಕಣದ ಬಲಭಾಗದಲ್ಲಿ ನೆಲ ಅವಳ ಕಾಲು ಹಿಡಿಯಿತು. ಒಂದು ಕಡೆಯಲ್ಲ, ಹಲವು ಕಡೆ.

ಹಾಲ್ ಕೊನೆಗೆ ಬಳಸಿದವರು ಹುಡುಗಿಯರು. ಅವರ ಚೀಲ ನೋಡಬೇಕೆಂದು ಸೊಲ್ವೆಯ್ ಹೇಳಿದಳು. ಒಂದು ಚೀಲದಲ್ಲಿ ಅಂಟಿನ ಡಬ್ಬಿ ಸಿಕ್ಕಿತು. ಚೀಲ ತುವಾಳದ್ದು. ತುವಾ ಸೊಲ್ವೆಯ್‌ಳ ಮಗಳ ಮಗಳು, ತಂಡದಲ್ಲಿ ಒಬ್ಬಳೇ ಎಡಚಿ, ಆಡುವುದೂ ಅಂಕಣದ ಬಲಭಾಗದಲ್ಲೇ.

"ಮುಚ್ಚಳ ತೆಗೆದಿದ್ದು ನಿಜ ಅಜ್ಜಿ. ಮೂಸಿ ನೋಡಿದ್ವಿ ಅಷ್ಟೇ. ಹಚ್ಚಿಲ್ಲ."

"ಮೂಸಕ್ಕೆ ಯಾರಾದ್ರೂ ಡಬ್ಬಿ ಕೊಂಡ್ಕೋತಾರಾ?"

"ಜರ್ಮನ್ ಹಚ್ಚೋದು ಇದನ್ನೇ ಅಂತೆ. ಹೆಂಗಿರುತ್ತೆ ನೋಡಣ ಅಂತ."

"ಜರ್ಮನ್ ಹಚ್ತಿದ್ದ ಕಾಲ ಬೇರೆ. ಅವನಿಗೆ ಅದಕ್ಕೆ ಸಂಬಳ ಕೊಡ್ತಿದ್ರು."

ಸೊಲ್ವೆಯ್ ಪುರಸಭೆಗೆ ತಿಳಿಸಿದಳು. ನಿಮ್ಮ ಮೊಮ್ಮಗಳೇ ಅಲ್ಲವೇ, ಈ ಸಲ ಬಿಟ್ಟುಬಿಡಿ ಎಂದವರಿಗೆ, "ಅದಕ್ಕೇ ಬಿಡೋ ಹಾಗಿಲ್ಲ," ಎಂದಳು. ಹುಡುಗಿಯರ ತಂಡವನ್ನು ವಸಂತದ ತನಕ ಹಾಲ್‌ನಿಂದ ಹೊರಗಿಟ್ಟರು. ಹಳೆಯ ಶಾಲೆಯ ವ್ಯಾಯಾಮದ ಕೋಣೆ ಅವರಿಗೆ ಸಿಕ್ಕಿತು. ಅಲ್ಲಿ ಸೂರು ಎಷ್ಟು ತಗ್ಗೆಂದರೆ ಎತ್ತರದ ಎಸೆತವೆಲ್ಲ ದೀಪದ ಜಾಲರಿಗೆ ಬಡಿಯುತ್ತದೆ. ಗೋಡೆಗೆ ಬಣ್ಣದಿಂದ ಗೋಲು ಬರೆದುಕೊಂಡು ಆಡಿದರು. ಕೆಲವರು ಬರುವುದನ್ನು ನಿಲ್ಲಿಸಿದರು.

ಹೆನ್ನಿಂಗ್‌ಗೆ ಸುದ್ದಿ ಗೊತ್ತಾದದ್ದು ಕಿಟಕಿ ಕಾರ್ಖಾನೆಯಲ್ಲಿ. ಊರಿಗೆ ಬಂದ ಮೇಲೆ ಅಲ್ಲಿ ಗಾಜನ್ನು ಚೌಕಟ್ಟಿಗೆ ಕೂಡಿಸುವ ಕೆಲಸ ಹಿಡಿದಿದ್ದ. ಗುರುವಾರ, ಊಟಕ್ಕೆ ಬಟಾಣಿ ಸೂಪು ಇರುವ ದಿನ. ಉಲ್ರಿಕ್ ಕೂಡ ಅಲ್ಲೇ ಮರದ ವಿಭಾಗದಲ್ಲಿದ್ದ. ಸೂಪಿನ ತಟ್ಟೆ ಹಿಡಿದು ಎದುರು ಕೂತು ಹುಡುಗಿಯರ ವಿಷಯ ಹೇಳಿದ. ಹೆನ್ನಿಂಗ್ ಕೇಳಿಸಿಕೊಂಡು, ರೊಟ್ಟಿಗೆ ಬೆಣ್ಣೆ ಸವರಿ ತಿಂದ.

"ಏನಾದ್ರೂ ಹೇಳೋ," ಎಂದ ಉಲ್ರಿಕ್. ಅವನಿಗೂ ಚೆಂಡು ಏಕೆ ಅಂಟುತ್ತದೆಂದು ಗೊತ್ತಿತ್ತು. ತಂಡದಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ.

"ಸೂಪಿಗೆ ಉಪ್ಪು ಕಮ್ಮಿ."

ಮಧ್ಯಾಹ್ನ ಅವನು ಕೂಡಿಸಿದ ಕಿಟಕಿಯ ಬಿಳಿ ಚೌಕಟ್ಟಿನ ಮೇಲೆ ಕೆಂಪು ಗೆರೆ ಕಂಡಿತು. ಯಾರೋ ಬಣ್ಣ ತಾಗಿಸಿದ್ದಾರೆ ಎಂದುಕೊಂಡು ಒರೆಸಿದ. ಗೆರೆ ಉದ್ದವಾಯಿತು. ಪಕ್ಕದಲ್ಲಿದ್ದವನು, "ನಿನ್ನ ರಕ್ತ ಕಣೋ ಅದು," ಎಂದ. ಕಿರುಬೆರಳು ಬುಡದ ತನಕ ಸೀಳಿತ್ತು. ಹೆನ್ನಿಂಗ್ ಕೈಯನ್ನು ಬೇರೆಯವರ ವಸ್ತು ನೋಡುವ ಹಾಗೆ ತಿರುಗಿಸಿ ನೋಡಿದ, ಆಮೇಲೆ ಕಾಗದ ಸುತ್ತಿದ.

ಸಂಜೆ ಸ್ಟಾಫನ್‌ನ ಮನೆಗೆ ಹೋದ. ಬಾಗಿಲಲ್ಲೇ ನಿಂತು, "ನಾನು ಹೇಳಿಬಿಡ್ತೀನಿ," ಎಂದ.

"ಒಳಗ್ ಬಾ ಮೊದ್ಲು. ಬೂಟು ಬಿಚ್ಚು."

ಸ್ಟಾಫನ್ ಕಾಫಿ ಬಸಿದ. ಬಹಳ ಹೊತ್ತು ಚಮಚದಿಂದ ಕಲಕಿದ. ಅವನು ಸಕ್ಕರೆ ಹಾಕಿಕೊಳ್ಳುವವನಲ್ಲ.

"ನೋಡು ಹೆನ್ನಿಂಗ್. ಅವ್ರು ಚಿಕ್ಕ ಹುಡುಗೀರು. ವಸಂತಕ್ಕೆ ವಾಪಸ್ ಬರ್ತಾರೆ, ಬೇಸಿಗೆ ಅಷ್ಟೊತ್ತಿಗೆ ಮರ್ತಿರ್ತಾರೆ. ನಾವು ಹೊರಗೆ ಹೋದ್ರೆ ಊರಲ್ಲಿ ಆಟಾನೇ ಇರಲ್ಲ. ನೀನು ಬಂದಿದ್ದೇ ಇಲ್ಲಿ ಆಡಕ್ಕೆ."

"ಹೌದು."

"ಅಂಟು ಬಿಟ್ಟು ಆಡು ಹಂಗಾದ್ರೆ. ಯಾರಿಗೂ ಹೇಳ್ಬೇಡ, ಹಚ್ಲೂ ಬೇಡ. ಅಲ್ಲಿಗೆ ಮುಗೀತು."

"ಆಗಲ್ಲ."

"ಯಾಕಾಗಲ್ಲ? ಉಲ್ರಿಕ್ ಅಂಥವನೇ ಆಡ್ತಾನೆ."

ಹೆನ್ನಿಂಗ್ ಕಾಗದ ಸುತ್ತಿದ ಕೈಯನ್ನು ಮೇಜಿನ ಮೇಲೆ ಇಟ್ಟಿದ್ದ. ಅದರ ವಿಷಯ ಹೇಳಲಿಲ್ಲ. ಕಾಫಿ ಮುಗಿಸಿ, ಬೂಟು ಹಾಕಿಕೊಂಡು ಹೋದ. ಆ ಭಾನುವಾರ ಪಟ್ಟಿ ಸುತ್ತಿಕೊಂಡು ಆಡಿದ, ಗೆದ್ದರು, ನೆಲ ಒರೆಸಿದ. ಅದರ ಮುಂದಿನ ಭಾನುವಾರವೂ.

ಅವನ ಮನೆಯಿಂದ ಕಾರ್ಖಾನೆಗೆ ಹೋಗುವ ದಾರಿ ಹಳೆಯ ಶಾಲೆಯ ಮುಂದೆ ಹಾದುಹೋಗುತ್ತದೆ. ಡಿಸೆಂಬರಿನಲ್ಲಿ ಮಧ್ಯಾಹ್ನಕ್ಕೇ ಕತ್ತಲು. ಕೆಲಸ ಮುಗಿಸಿ ಬರುವಾಗ ವ್ಯಾಯಾಮದ ಕೋಣೆಯ ಕಿಟಕಿ ಬೆಳಗಿರುತ್ತಿತ್ತು. ಒಂದು ಮಂಗಳವಾರ ಅವನು ನಿಂತು ನೋಡಿದ. ಹುಡುಗಿಯರು ಆರೇ ಮಂದಿ. ತುವಾ ಗೋಡೆಯ ಗೋಲಿಗೆ ಎಸೆಯುತ್ತಿದ್ದಳು. ಎಡಗೈ ತಲೆಯ ಮೇಲೆ ಹೋಗುತ್ತಲೇ ದೀಪದ ಜಾಲರಿಯ ನೆನಪಾಗಿ ಮೊಣಕೈ ಕೆಳಗಿಳಿಸಿ, ಪಕ್ಕದಿಂದ ಎಸೆಯುತ್ತಿದ್ದಳು. ಹತ್ತು ಸಲ ಹಾಗೆ ಎಸೆದರೆ ಮೈ ಅದನ್ನೇ ಕಲಿಯುತ್ತದೆ. ಮತ್ತೆ ಬಿಡಿಸುವುದು ಕಷ್ಟ. ಹೆನ್ನಿಂಗ್ ಕಿಟಕಿಯ ಹೊರಗೆ ಹಿಮದಲ್ಲಿ ನಿಂತಿದ್ದ. ತುವಾ ಅವನನ್ನು ಕಂಡು ಕೈ ಬೀಸಿದಳು.

ಮರುದಿನ ಬೆಳಿಗ್ಗೆ ಕಾರ್ಖಾನೆಗೆ ಹೋಗುವ ಮುಂಚೆ ಅವನು ಹಾಲ್‌ಗೆ ಹೋದ. ಸೊಲ್ವೆಯ್ ತನ್ನ ಚಿಕ್ಕ ಕೋಣೆಯಲ್ಲಿ ಕೂತು ಥರ್ಮಾಸ್ಸಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದಳು. ಗೋಡೆಯ ಮೇಲೆ ಬಕೆಟ್ಟು, ಪೊರಕೆ, ಹಾಲ್‌ನ ಕೀಲಿಗಳು.

"ಏನಯ್ಯಾ ಜರ್ಮನ್, ಇಷ್ಟೊತ್ತಿಗೆ? ಕೂತ್ಕೋ. ಆ ಕುರ್ಚಿ ಬೇಡ, ಕಾಲು ಮುರಿದಿದೆ."

ಅವನು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತ. "ಅಂಟು ನಂದು," ಎಂದ. "ಹುಡುಗೀರದಲ್ಲ. ಶುರುವಿಂದಾನೂ ಹಚ್ತಿದೀನಿ. ಆಟ ಆದ್ಮೇಲೆ ಒರಸ್ತಿದ್ದೆ. ಆ ಭಾನುವಾರ ಆಗ್ಲಿಲ್ಲ."

ಸೊಲ್ವೆಯ್ ಲೋಟ ಕೆಳಗಿಟ್ಟಳು. ಬೈಯುತ್ತಾಳೆ ಎಂದು ಅವನು ಕಾದ. ಅವಳು ಬೈಯಲಿಲ್ಲ.

"ಯಾಕೆ?" ಎಂದಳು. "ಅದಿಲ್ದೆ ನಿಂಗೆ ಆಡಕ್ ಬರಲ್ವಾ? ನೀನು ಚಿಕ್ಕವನಿದ್ದಾಗ ಹಳೇ ಹಾಲ್‌ನಲ್ಲಿ ಬರೀ ಕೈಯಲ್ಲಿ ಆಡ್ತಿದ್ದೆ. ಕಂಡಿದೀನಿ."

"ಆಗ ಕೈ ಬೇರೆ."

"ಕೊಡು ಇಲ್ಲಿ, ನೋಡಣ."

ಅವನು ಎಡಗೈ ಚಾಚಿದ. ಅವಳು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಕಾರ್ಖಾನೆಯ ಗಾಯ ನೋಡಿ, ಹೊಲಿಗೆ ಹಾಕಿಸಬೇಕಿತ್ತು ಎಂದಳು. ಆಮೇಲೆ ಹವೆಯ ವಿಷಯ ತೆಗೆದಳು. ಈ ಸಲ ಕೆರೆ ಬೇಗ ಹೆಪ್ಪುಗಟ್ಟಿದೆ, ಅಳಿಯ ಐಸಿನ ಮೇಲೆ ಕಾರು ತೆಗೆದುಕೊಂಡು ಹೋಗಿ ಬುದ್ಧಿ ಕಲಿತ, ತುವಾಳಿಗೆ ಕ್ರಿಸ್‌ಮಸ್‌ಗೆ ಏನು ಕೊಡಬೇಕೋ ಗೊತ್ತಿಲ್ಲ. ಹೆನ್ನಿಂಗ್ ಅವಳ ಮುಖ ನೋಡುತ್ತ ಹೂಂ ಹೂಂ ಎನ್ನುತ್ತಿದ್ದ.

"ಹೆನ್ನಿಂಗ್," ಎಂದಳು ಸೊಲ್ವೆಯ್. "ನಿನ್ನ ಕಿರುಬೆರಳಿಗೆ ಆಗಿಂದ ಉಗುರು ಒತ್ತಿ ಹಿಡ್ಕೊಂಡಿದೀನಿ."

ಅವನು ಕೆಳಗೆ ನೋಡಿದ. ಅವಳ ಹೆಬ್ಬೆರಳ ಉಗುರು ಅವನ ಬೆರಳಿನ ತುದಿಯಲ್ಲಿ ಹೂತಿತ್ತು. ಸುತ್ತ ಚರ್ಮ ಬೆಳ್ಳಗಾಗಿತ್ತು.

"ಹೌದಾ," ಎಂದ.

ಅವಳು ಬೆರಳು ಬಿಟ್ಟಳು. "ಸ್ಟಾಫನ್‌ಗೆ ಗೊತ್ತಾ?"

"ಅಂಟು ಗೊತ್ತು. ಇದು ಗೊತ್ತಿಲ್ಲ."

"ನಾನು ಪುರಸಭೆಗೆ ಹೇಳ್ಬೇಕಾಗುತ್ತೆ ಮಗಾ. ಮೊಮ್ಮಗಳನ್ನೇ ಬಿಡ್ಲಿಲ್ಲ."

"ಅದಕ್ಕೇ ನಿನ್ನ ಹತ್ರ ಬಂದಿದ್ದು."

ಕ್ರಿಸ್‌ಮಸ್‌ಗೆ ಮುಂಚೆ ಹುಡುಗಿಯರು ಹಾಲ್‌ಗೆ ವಾಪಸಾದರು. ಗಂಡಸರ ತಂಡ ಹೊರಗೆ ಬಿತ್ತು. ಊರಿನಲ್ಲಿ ಆಡಬೇಕಿದ್ದ ಆಟಗಳನ್ನೆಲ್ಲ ಏಪ್ರಿಲ್ ತನಕ ಪಕ್ಕದ ಊರಿನ ಹಾಲ್‌ನಲ್ಲಿ ಆಡಬೇಕೆಂದು ತೀರ್ಮಾನವಾಯಿತು. ಸ್ಟಾಫನ್ ಕೆಲವು ದಿನ ಹೆನ್ನಿಂಗ್ ಜೊತೆ ಮಾತಾಡಲಿಲ್ಲ. ಕೈಯ ವಿಷಯ ಊರಿಗೆಲ್ಲ ಗೊತ್ತಾದ ಮೇಲೆ ಒಂದು ಸಂಜೆ ಫೋನು ಮಾಡಿದ.

"ಮೊದ್ಲೇ ಹೇಳಕ್ಕೆ ಏನಾಗಿತ್ತೋ ನಿಂಗೆ? ಅವತ್ತು ನನ್ನ ಮೇಜಿನ ಮೇಲೇ ಇಟ್ಟಿದ್ಯಲ್ಲ ಆ ಕೈನ."

"ನೀನು ಕೇಳ್ಲಿಲ್ಲ."

"ಕಾಗದ ಸುತ್ತಿತ್ತು. ಏನ್ ಕೇಳೋದು, ಉಡುಗೊರೆನಾ ಅಂತಾನಾ?"

ಹೆನ್ನಿಂಗ್‌ಗೆ ನಗು ಬರಬೇಕಿತ್ತು ಅನ್ನಿಸಿತು. "ನಾಳೆ ಬಸ್ಸು ಎಷ್ಟೊತ್ತಿಗೆ?" ಎಂದು ಕೇಳಿದ.

ಪಕ್ಕದ ಊರಿನ ಹಾಲ್‌ನಲ್ಲಿ ಅಂಟಿಗೆ ಅಡ್ಡಿಯಿರಲಿಲ್ಲ. ಅಲ್ಲಿನವರು ಹಚ್ಚುತ್ತಿದ್ದರು, ಅವರ ನೆಲ ಅದಕ್ಕೆ ಒಗ್ಗಿತ್ತು. ಹೆನ್ನಿಂಗ್ ಬೂಟಿನ ಹಿಮ್ಮಡಿಯ ಮೇಲೆ ಮುದ್ದೆ ಇಟ್ಟುಕೊಂಡು, ಮುಚ್ಚುಮರೆಯಿಲ್ಲದೆ, ಜರ್ಮನಿಯಲ್ಲಿ ಆಡಿದ ಹಾಗೆ ಆಡಿದ. ಪ್ರತಿ ಆಟದಲ್ಲೂ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದ. ಬೆಂಚುಗಳು ಖಾಲಿ. ಆಟಗಾರರ ಹೆಂಡತಿಯರು, ಒಂದಿಬ್ಬರು ಮುದುಕರು, ಬಸ್ಸಿನ ಚಾಲಕ. ಹಿಮದ ದಾರಿಯಲ್ಲಿ ಅಷ್ಟು ದೂರ ಹೋಗಿ ಬರಲು ಆಸ್ಕೆರೆಡ್ ಜನಕ್ಕೆ ಮನಸ್ಸಾಗಲಿಲ್ಲ. ಗೋಲಾದಾಗ ಚೆಂಡು ಬಲೆಗೆ ಬಿದ್ದ ಸದ್ದು ಹಾಲ್‌ನ ಆ ತುದಿಯ ತನಕ ಕೇಳುತ್ತಿತ್ತು.

ಊರಿನಲ್ಲಿ ಅಭ್ಯಾಸಕ್ಕೂ ಜಾಗವಿರಲಿಲ್ಲ. ಸ್ಟಾಫನ್ ತಂಡವನ್ನು ಹಳೆಯ ಶಾಲೆಯ ವ್ಯಾಯಾಮದ ಕೋಣೆಗೇ ಕರೆದುಕೊಂಡು ಹೋದ. ಮೊದಲ ದಿನವೇ ಉಲ್ರಿಕ್ ದೀಪದ ಜಾಲರಿ ಒಡೆದ. ಅಭ್ಯಾಸ ಕೆಟ್ಟಿತು, ಒಬ್ಬರಿಗೊಬ್ಬರು ಚೆಂಡು ಕೊಡುವ ಕ್ರಮವೇ ತಪ್ಪಿತು. ಹೆನ್ನಿಂಗ್ ಗೋಲು ಹೊಡೆದರೂ ತಂಡ ಸೋತಿತು. ಮಾರ್ಚ್ ಮುಗಿಯುವ ಹೊತ್ತಿಗೆ ಮತ್ತೆ ಅಂಕಪಟ್ಟಿಯ ತಳಕ್ಕೆ ಬಂದು ನಿಂತಿತ್ತು. ಕೊನೆಯ ಆಟ ಏಪ್ರಿಲಿನಲ್ಲಿ, ಶಿಕ್ಷೆ ಮುಗಿದ ಮೇಲೆ, ಆಸ್ಕೆರೆಡ್‌ನಲ್ಲೇ. ಅದರಲ್ಲಿ ಸೋಲದಿದ್ದರೆ ಲೀಗಿನ ಈ ವಿಭಾಗದಲ್ಲಿ ಉಳಿಯುತ್ತಾರೆ, ಸೋತರೆ ಕೆಳಗಿನದಕ್ಕೆ ಇಳಿಯುತ್ತಾರೆ.

ಆ ಆಟಕ್ಕೆ ಮುಂಚಿನ ಅಭ್ಯಾಸದಲ್ಲಿ ಹೆನ್ನಿಂಗ್ ಬರಿಗೈಯಲ್ಲಿ ಎಸೆದು ನೋಡಿದ. ಬಹಳ ಸಲ ಎಸೆದ. ತಂಡದವರು ಬೇರೆ ಕಡೆ ನೋಡುತ್ತಿದ್ದರು. ಉಲ್ರಿಕ್ ಮೊದಲ ಸಲ ಏನೂ ತಮಾಷೆ ಮಾಡಲಿಲ್ಲ; ಚೆಂಡನ್ನು ಹೊತ್ತು ತಂದು ಕೊಟ್ಟ, ಮತ್ತೆ ತಂದು ಕೊಟ್ಟ. ಕೊನೆಗೆ ಹೆನ್ನಿಂಗ್ ಚೆಂಡು ತೆಗೆದುಕೊಳ್ಳದೆ ಸ್ಟಾಫನ್ ಹತ್ತಿರ ಹೋದ.

"ಗೋಲ್‌ಕೀಪರ್ ಅಂಗಿ ಇನ್ನೊಂದು ಇದ್ಯಾ?"

"ಯಾಕೆ?"

"ಏಳು ಮೀಟರ್‌ಗೆ ಮಾತ್ರ ನಿಲ್ತೀನಿ."

ಏಳು ಮೀಟರ್ ಎಂದರೆ ಶಿಕ್ಷೆಯ ಎಸೆತ. ಎಸೆಯುವವನು ಗೆರೆಯ ಮೇಲೆ ನಿಂತು, ಕೀಪರ್‌ನೊಬ್ಬನನ್ನೇ ಎದುರಿಟ್ಟುಕೊಂಡು ಎಸೆಯುತ್ತಾನೆ. ಅದೊಂದಕ್ಕೇ ಬೆಂಚಿನಿಂದ ಬೇರೆ ಕೀಪರ್‌ನನ್ನು ಕಳಿಸುವ ರೂಢಿ ಈ ಆಟದಲ್ಲಿದೆ. ಹೆನ್ನಿಂಗ್ ಜರ್ಮನಿಯಲ್ಲಿ ತನ್ನ ತಂಡಗಳ ಪರವಾಗಿ ಆ ಎಸೆತವನ್ನು ವರ್ಷಗಟ್ಟಲೆ ತಾನೇ ಎಸೆದಿದ್ದ. ಮಣಿಕಟ್ಟು ಎತ್ತ ತಿರುಗುತ್ತದೆಂದು ಅವನಿಗೆ ಕಾಣುತ್ತಿತ್ತು.

"ಕೀಪರ್ ಕೆಲ್ಸ ಯಾವತ್ತಾದ್ರೂ ಮಾಡಿದ್ಯೇನೋ?"

"ಇಲ್ಲ. ಹಿಡ್ಕೊಳ್ಳೋದು ಬೇಕಾಗಿಲ್ಲ ಅಲ್ಲಿ. ಅಡ್ಡ ಇಟ್ರೆ ಸಾಕು."

ಹೀಗಾಗಿ ಹೆನ್ನಿಂಗ್ ತೂರೆಸನ್ ತನ್ನ ಊರಿನ ಹಾಲ್‌ನಲ್ಲಿ ಆಡಿದ ಕೊನೆಯ ಆಟದಲ್ಲಿ ಬೂದು ಬಣ್ಣದ ಬಿಗಿಯಾದ ಅಂಗಿ ತೊಟ್ಟು ಬೆಂಚಿನ ತುದಿಯಲ್ಲಿ ಕೂತಿದ್ದ. ಬೆಂಚುಗಳು ತುಂಬಿದ್ದವು. ಹುಡುಗಿಯರ ತಂಡ ಗೋಲಿನ ಹಿಂದೆ ನೆಲದ ಮೇಲೆ ಕಾಲು ಚಾಚಿ ಕೂತಿತ್ತು. ಎದುರಾಳಿಗಳಿಗೆ ಏಳು ಮೀಟರ್ ಸಿಕ್ಕಿದಾಗಲೆಲ್ಲ ಅವನು ಎದ್ದು ಓಡಿ ಗೋಲಿನಲ್ಲಿ ನಿಲ್ಲುತ್ತಿದ್ದ, ಚೆಂಡು ಒಳಗೆ ಹೋಗುತ್ತಿತ್ತು, ಅವನು ವಾಪಸು ಬಂದು ಕೂರುತ್ತಿದ್ದ. ಮೂರು ಸಲ ಹಾಗಾಯಿತು. ಹಿಂದಿನಿಂದ ಯಾರೋ, "ಜರ್ಮನ್, ಅದು ಒಳಗ್ ಬರೋ ಕಡೆ ನಿಲ್ಬೇಕು," ಎಂದರು.

ಕೊನೆಯ ನಿಮಿಷದಲ್ಲಿ ಎರಡೂ ತಂಡ ಸಮನಾಗಿದ್ದಾಗ ಉಲ್ರಿಕ್ ಎದುರಾಳಿಯೊಬ್ಬನನ್ನು ಗೋಲಿನ ಮುಂದೆ ಎಳೆದು ಕೆಡವಿದ. ಮತ್ತೆ ಏಳು ಮೀಟರ್. ಹೆನ್ನಿಂಗ್ ಎದ್ದು ಹೋದ. ಎಸೆಯುವವನು ಎಡಚ, ಇಪ್ಪತ್ತು ದಾಟಿರಲಿಲ್ಲ. ಅವನ ಮೊಣಕೈ ಎತ್ತರಕ್ಕೆ ಹೋಯಿತು, ಮಣಿಕಟ್ಟು ಮಾತ್ರ ಕೆಳಕ್ಕೆ ತಿರುಗಿತು. ಹೆನ್ನಿಂಗ್ ಎಡಗೈಯನ್ನು ಕೆಳಗೆ, ತನ್ನ ಕಾಲಿನ ಪಕ್ಕಕ್ಕೆ ಚಾಚಿದ.

ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗೆ ಸದ್ದಾಯಿತು. ಜನ ಎದ್ದು ನಿಂತದ್ದನ್ನು ಹೆನ್ನಿಂಗ್ ನೋಡಿದ. ಚೆಂಡು ಎಲ್ಲಿದೆ ಎಂದು ಬಲೆಯೊಳಗೆ ತಿರುಗಿ ಹುಡುಕಿದ. ಅಲ್ಲಿರಲಿಲ್ಲ. ಅದು ಅಂಕಣದ ಆಚೆ ಗಡಿಯಾರದ ಕೆಳಗೆ ಪುಟಿಯುತ್ತಿತ್ತು. ಆಮೇಲೆ ಅವನು ಕೈ ಎತ್ತಿ ನೋಡಿದ. ಕಿರುಬೆರಳು ಇರಬೇಕಾದ ದಿಕ್ಕಿನಲ್ಲಿರಲಿಲ್ಲ.

ಆಟ ಸಮವಾಗಿ ಮುಗಿಯಿತು. ತಂಡ ಉಳಿಯಿತು. ಉಲ್ರಿಕ್ ಅವನನ್ನು ಹೊತ್ತುಕೊಂಡು ಅಂಕಣದಲ್ಲಿ ಒಂದು ಸುತ್ತು ಬಂದು, "ಬೆನ್ನುನೋವು," ಎಂದು ಇಳಿಸಿದ. ತುವಾ ಹತ್ತಿರ ಬಂದು ಬೆರಳು ನೋಡಿದಳು.

"ನೋಯಲ್ವಾ?"

"ಇಲ್ಲ."

"ಚೂರೂ?"

"ಇಲ್ಲ ಕಣೆ. ನೋವಿದ್ರೆ ಹೇಳ್ತಿದ್ದೆ."

ಜನ ಮನೆಗೆ ಹೋದರು. ಸ್ಟಾಫನ್ ಅವನನ್ನು ಆಸ್ಪತ್ರೆಗೆ ಕರೆದೊಯ್ಯಲು ಹೊರಗೆ ಕಾರಿನ ಗಾಜಿನ ಮೇಲಿನ ಐಸು ಕೆರೆಯುತ್ತಿದ್ದ. ಹೆನ್ನಿಂಗ್ ಗೋಲಿನ ಕಂಬಕ್ಕೆ ಒರಗಿ ನೆಲದ ಮೇಲೆ ಕೂತಿದ್ದ, ಐಸಿನ ಚೀಲ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು. ಐಸು ತಣ್ಣಗಿದೆಯೋ ಇಲ್ಲವೋ ಎಂದು ಬಲಗೈಯಿಂದ ಮುಟ್ಟಿ ನೋಡಿದ. ತಣ್ಣಗಿತ್ತು.

ಸೊಲ್ವೆಯ್ ಸೋಮವಾರದ ತನಕ ಕಾಯಲಿಲ್ಲ. ಬಾಗಿಲ ಬಳಿ ಬೂಟು ಬಿಚ್ಚಿಟ್ಟು ಬಂದು, ಅಂಕಣದ ಬಲಭಾಗದಿಂದಲೇ ಶುರು ಮಾಡಿ, ಸಾಲು ಹಿಡಿದು ನಡೆದಳು. ಅವನು ಅವಳ ಕಾಲುಗಳನ್ನೇ ನೋಡುತ್ತಿದ್ದ. ಅವು ಎಲ್ಲೂ ನಿಲ್ಲಲಿಲ್ಲ. ಕೊನೆಯ ಸಾಲು ಗೋಲಿನ ಗೆರೆಯ ಮೇಲೆ, ಅವನ ಮುಂದೆ ಬಂದು ಮುಗಿಯಿತು.

"ಏಳು," ಎಂದಳು. "ನೀನು ಕೂತಿರೋ ಜಾಗ ಒಂದು ಬಾಕಿ ಇದೆ."

ಅವನು ಬಲಗೈ ಊರಿ ಎದ್ದು ಪಕ್ಕಕ್ಕೆ ನಿಂತ. ಅವಳು ಅಲ್ಲೂ ನಡೆದು ನೋಡಿದಳು.